ಉಗುರು ಬೆಳೆಯುವ ತನಕ ಮುಷ್ಕರ

ಆ ಪಿಂಗಾಣಿ ಕಾರ್ಖಾನೆಯಲ್ಲಿ ನೂರ ನಲವತ್ತು ಜನ ಕೆಲಸಗಾರರು. ತಲೆಗೆ ಹತ್ತರಂತೆ ಹಿಡಿದರೆ ಸಾವಿರದ ನಾನೂರು ಬೆರಳು. ಅಷ್ಟರಲ್ಲಿ ಹೆಸರು ಮಾಡಿದ್ದು ಒಂದೇ ಒಂದು: ಪರೀಕ್ಷೆ ಕೋಣೆಯ ಟಣ್ಣಪ್ಪನ ಬಲಗೈ ತೋರುಬೆರಳು.

ಟಣ್ಣಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಭಟ್ಟಿಯಿಂದ ಬಂದ ಚಹಾ ಕಪ್ಪನ್ನು ಕಿವಿಯ ಹತ್ತಿರ ಹಿಡಿದು, ತೋರುಬೆರಳನ್ನು ಹೆಬ್ಬೆರಳಿನಡಿ ಮಡಚಿ, ಉಗುರಿನಿಂದ ಅಂಚಿಗೆ ಒಂದು ಮೀಟು ಕೊಡುವುದು ಅವನ ಕೆಲಸ. ಕಪ್ಪು ‘ಟಣ್’ ಎಂದರೆ ಬಲಕ್ಕೆ, ಪ್ಯಾಕಿಂಗಿಗೆ. ‘ಟಪ್’ ಎಂದರೆ ಎಲ್ಲೋ ಕಣ್ಣಿಗೆ ಕಾಣದ ಕೂದಲೆಳೆ ಬಿರುಕಿದೆ ಎಂದರ್ಥ, ಎಡಕ್ಕೆ, ತೊಟ್ಟಿಗೆ. ಇಪ್ಪತ್ತೆರಡು ವರ್ಷ ಹೀಗೆ ಮೀಟಿದ್ದ. ಉಳಿದ ಒಂಬತ್ತು ಉಗುರುಗಳನ್ನು ನೆನಪಾದಾಗ ಕತ್ತರಿಸುತ್ತಿದ್ದ. ಈ ಒಂದನ್ನು ಮಾತ್ರ ಶನಿವಾರ ಸ್ನಾನವಾದ ಮೇಲೆ ಕಿಟಕಿ ಪಕ್ಕ ಕೂತು, ಬೆಳಕಿಗೆ ಹಿಡಿದು, ಅರ್ಧ ಗಂಟೆ ತೀಡುತ್ತಿದ್ದ. ಮದುವೆಮನೆಗಳಲ್ಲಿ ಯಾರಾದರೂ ಕೈಕುಲುಕಲು ಬಂದರೆ ಎಡಗೈ ಕೊಡುತ್ತಿದ್ದ.

“ಇವ್ರು ಮನೇಲಿ ಒಂದು ಡಬ್ಬಿ ಮುಚ್ಚಳ ತೆಗೆದವರಲ್ಲ. ಯಾಕೆ ಅಂದ್ರೆ ಉಗುರು. ಬಟ್ಟೆ ಹಿಂಡಲ್ಲ, ಉಗುರು. ಮಗು ಇದ್ದಿದ್ರೆ ಎತ್ಕೊಳ್ತಾನೂ ಇರಲಿಲ್ಲ,” ಎಂದು ಅವನ ಹೆಂಡತಿ ಎಲ್ಲರಿಗೂ ಹೇಳುತ್ತಿದ್ದಳು. ದೂರುವ ಹಾಗೇ ಹೇಳುತ್ತಿದ್ದಳು. ಆದರೆ ಕೇಳದವರಿಗೂ ಹುಡುಕಿಕೊಂಡು ಹೋಗಿ ಹೇಳುತ್ತಿದ್ದಳು.

ಇಂಥ ಉಗುರು ಹೋಗಿದ್ದು ಹೊಗಳಿಕೆಯಿಂದ.

ಟಣ್ಣಪ್ಪನ ಅಣ್ಣನ ಮಗಳು ಅವರ ಮನೆಯಲ್ಲೇ ಇದ್ದುಕೊಂಡು ಸೌಂದರ್ಯ ತರಬೇತಿ ಶಾಲೆಗೆ ಹೋಗುತ್ತಿದ್ದಳು. ಕೊನೆಯ ಪರೀಕ್ಷೆ ಕೃತಕ ಉಗುರು ಜೋಡಿಸುವುದು. ಕೈ ಕೊಡುತ್ತೇನೆಂದಿದ್ದ ಗೆಳತಿ ಪರೀಕ್ಷೆಯ ಬೆಳಗ್ಗೆ ಜ್ವರ ಎಂದು ಕೈ ಕೊಟ್ಟಳು. ಹುಡುಗಿ ಅಡುಗೆಮನೆ ಬಾಗಿಲಲ್ಲಿ ಅಳುತ್ತ ನಿಂತಳು. ಚಿಕ್ಕಮ್ಮನ ಕೈ ನೋಡಿದಳು. ಪಾತ್ರೆ ಉಜ್ಜಿ ಉಜ್ಜಿ ಉಗುರು ಬೆರಳಿನೊಳಗೆ ಹೋಗಿತ್ತು. ಆಮೇಲೆ ಪೇಪರ್ ಓದುತ್ತಿದ್ದ ಚಿಕ್ಕಪ್ಪನ ಕೈ ನೋಡಿದಳು.

“ಚಿಕ್ಕಪ್ಪಾ, ನಿಮ್ಮಂಥ ಉಗುರು ನಮ್ಮ ಪುಸ್ತಕದ ಚಿತ್ರದಲ್ಲೂ ಇಲ್ಲ.”

“ಹೌದಾ? ಯಾವ ಪುಟ?” ಎಂದ ಟಣ್ಣಪ್ಪ. ಪೇಪರ್ ಮಡಚಿಟ್ಟ. ಅಲ್ಲಿಗೆ ಮುಗಿಯಿತು.

ತರಬೇತಿ ಶಾಲೆಯಲ್ಲಿ ಇಪ್ಪತ್ತು ಹುಡುಗಿಯರ ನಡುವೆ, ಎದುರಿನ ಕನ್ನಡಿಯಲ್ಲಿ ತನ್ನ ಮೀಸೆಯನ್ನೇ ನೋಡಿಕೊಳ್ಳುತ್ತ ಅವನು ಮೂರು ಗಂಟೆ ಕೂತ. ಪರೀಕ್ಷಕಿ ಬಂದು ಅವನ ತೋರುಬೆರಳನ್ನು ಎತ್ತಿ ಹಿಡಿದು, “ಎಲ್ಲರೂ ನೋಡಿ, ತಳದ ಉಗುರು ಹೀಗಿರಬೇಕು,” ಎಂದಳು. ಟಣ್ಣಪ್ಪ ಉಗುರು ಕಾಪಾಡುವ ವಿಧಾನವನ್ನು ಕೇಳದಿದ್ದರೂ ವಿವರಿಸಿದ. ಇಬ್ಬರು ಹುಡುಗಿಯರು ಬರೆದುಕೊಂಡರು. ಅಣ್ಣನ ಮಗಳು ಮೊದಲ ದರ್ಜೆಯಲ್ಲಿ ಪಾಸಾದಳು. ಹತ್ತೂ ಬೆರಳಿಗೆ ಗುಲಾಬಿ ಬಣ್ಣದ ಉದ್ದುದ್ದ ಉಗುರು, ಒಂದೊಂದರ ಮೇಲೂ ಪುಟ್ಟ ಬಿಳಿ ಹೂವು ಹೊತ್ತುಕೊಂಡು, ಎರಡೂ ಕೈ ಜೇಬಿನಲ್ಲಿಟ್ಟು ಅವನು ಮನೆಗೆ ಬಂದ.

ಒಂದು ದಿನ ನಿಂತವೇ ಎಂದು ಮರುದಿನ ಫೋಟೊ ಕಳಿಸಬೇಕೆಂಬುದು ಪರೀಕ್ಷೆಯ ನಿಯಮ. ಸೋಮವಾರ ಬೆಳಗ್ಗೆ ಆರಕ್ಕೆ ಹುಡುಗಿ ಫೋಟೊ ತೆಗೆದು ಕಳಿಸಿದಳು.

“ಚಿಕ್ಕಪ್ಪ, ಸ್ನಾನ ಮಾಡಿ ಬಂದು ತೆಗೀತೀನಿ. ದ್ರಾವಣದಲ್ಲಿ ಅರ್ಧ ಗಂಟೆ ನೆನೆಸ್ಬೇಕು, ಅದಾಗೇ ಬಿಡತ್ತೆ. ನೀವು ಮಾತ್ರ ಕೀಳೋಕೆ ಹೋಗ್ಬೇಡಿ. ಹತ್ತು ನಿಮಿಷ, ಬಂದೆ.”

ಏಳಕ್ಕೆ ಕಾರ್ಖಾನೆಯ ಸೈರನ್. ಟಣ್ಣಪ್ಪ ಗಡಿಯಾರ ನೋಡಿದ. ಹತ್ತು ನಿಮಿಷವಾಯಿತು. ಹದಿನೈದಾಯಿತು. ಬಚ್ಚಲಿನಲ್ಲಿ ಹಾಡು ಕೇಳಿಸುತ್ತಲೇ ಇತ್ತು. ಅವನು ಉಪಕರಣಗಳ ಡಬ್ಬಿಯಿಂದ ಇಕ್ಕಳ ತೆಗೆದ. ಮುಖ್ಯವಾದದ್ದನ್ನು ಮೊದಲು ಮುಗಿಸಬೇಕು ಎಂಬುದು ಅವನ ಶಿಸ್ತು. ಹಾಗಾಗಿ ಬಲಗೈ ತೋರುಬೆರಳಿನಿಂದಲೇ ಶುರು ಮಾಡಿದ.

ಆ ಕೂಗಿಗೆ ಹುಡುಗಿ ತಲೆಯಲ್ಲಿ ಸೋಪಿನ ನೊರೆಯೊಂದಿಗೇ ಹೊರಗೆ ಓಡಿ ಬಂದಳು. ಉಳಿದ ಒಂಬತ್ತನ್ನೂ ಅವಳು ಪುಸ್ತಕದಲ್ಲಿದ್ದ ಹಾಗೆ ನೆನೆಸಿ, ನಯವಾಗಿ ತೆಗೆದಳು. ಒಂಬತ್ತಕ್ಕೂ ಏನೂ ಆಗಿರಲಿಲ್ಲ. ಒಂಬತ್ತೂ ಯಾವ ಕೆಲಸಕ್ಕೂ ಬಾರದವು. ಹತ್ತನೆಯದರಲ್ಲಿ, ಗುಲಾಬಿಯ ಜೊತೆ ಸ್ವಂತ ಉಗುರಿನ ಮೇಲ್ಪದರವೂ ಎದ್ದು ಬಂದಿತ್ತು. ಉಳಿದಿದ್ದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ, ಒತ್ತಿದರೆ ಬಾಗುವಂತಿತ್ತು. ಗಾಳಿ ತಗುಲಿದರೂ ಚುರ್ ಎನ್ನುತ್ತಿತ್ತು.

ಬೇರೆ ಬೆರಳಲ್ಲಿ ಮೀಟಬಹುದಲ್ಲ ಎಂದು ಯಾರಾದರೂ ಕೇಳಬಹುದು. ಟಣ್ಣಪ್ಪನೂ ಅದನ್ನೇ ಯೋಚಿಸಿದ. ಅಡುಗೆಮನೆಯ ಆರು ಕಪ್ಪುಗಳನ್ನು ಸಾಲಾಗಿ ಇಟ್ಟು ನಡುಬೆರಳಿಂದ ಮೀಟಿದ. ಆರೂ ಒಡಕು ಎಂದು ಕೇಳಿಸಿತು.

“ಒಡಕಾ? ಹನ್ನೊಂದು ವರ್ಷದಿಂದ ಇದರಲ್ಲೇ ಕುಡೀತಿದ್ದೀರಿ,” ಎಂದಳು ಹೆಂಡತಿ.

ಎಡಗೈ ತೋರುಬೆರಳಿಂದ ಮೀಟಿದ. ಆರೂ ಗಟ್ಟಿ ಎಂದು ಕೇಳಿಸಿತು. ಅದರಲ್ಲಿ ಒಂದಕ್ಕೆ ಹಿಡಿಯೂ ಇರಲಿಲ್ಲ, ಅಂಚಿನಿಂದ ತಳದವರೆಗೆ ಸೀಳೂ ಇತ್ತು. ಅವಳು ಅದರಲ್ಲಿ ಉಪ್ಪು ಇಡುತ್ತಿದ್ದಳು.

ಟಣ್ಣಪ್ಪ ನೆಲದ ಮೇಲೆ ಕೂತ. “ಎಷ್ಟು ದಿನ ಬೇಕು?” ಎಂದ.

“ಹೊಸ ಉಗುರು ಬುಡದಿಂದ ಬೆಳೆದು ತುದಿಗೆ ಬರಬೇಕು ಚಿಕ್ಕಪ್ಪ. ವಾರಕ್ಕೆ ಮುಕ್ಕಾಲು ಮಿಲಿಮೀಟರ್. ದಿನಕ್ಕೆರಡು ಸಲ ಬುಡಕ್ಕೆ ಎಣ್ಣೆ, ಚಿಕ್ಕದಾಗಿ ಕತ್ತರಿಸಿ ಇಟ್ಕೋಬೇಕು, ನೀರಿಗೆ ಹಾಕಂಗಿಲ್ಲ, ಕೆರೀಬಾರದು, ಮೀಟಲೇಬಾರದು. ನಾಲ್ಕು ತಿಂಗಳು.”

“ನಾಲ್ಕು ವಾರದಲ್ಲಿ ಆಗಲ್ವಾ?”

“ಉಗುರಿಗೆ ಹೇಳಿ ನೋಡಿ,” ಎಂದಳು ಹುಡುಗಿ. ಬೆರಳಿಗೆ ಎಣ್ಣೆ ಹಚ್ಚಿ ಬಿಳಿ ಬಟ್ಟೆ ಸುತ್ತಿದಳು. “ಯಾರಾದ್ರೂ ಕೇಳಿದ್ರೆ ಏನಂತ ಹೇಳ್ತೀರಿ?”

“ಸತ್ತರೂ ಹೇಳಲ್ಲ,” ಎಂದ ಟಣ್ಣಪ್ಪ. ಮೀಸೆಯಿರುವ ಗಂಡಸು, ಇಪ್ಪತ್ತೆರಡು ವರ್ಷದ ಅನುಭವ, ಗುಲಾಬಿ ಉಗುರು, ಬಿಳಿ ಹೂವು. ಹೇಳುವ ಮಾತೇ?

ಕಾರ್ಖಾನೆಗೆ ಹೋದರೆ, ಅವನ ಮೇಜಿನ ಪಕ್ಕದಲ್ಲಿ ಒಂದು ಬೂದು ಬಣ್ಣದ ಪೆಟ್ಟಿಗೆ ಕೂತಿತ್ತು. ಕಪ್ಪನ್ನು ಒಳಗಿಟ್ಟರೆ ರಬ್ಬರಿನ ಪುಟ್ಟ ಸುತ್ತಿಗೆಯಿಂದ ತಟ್ಟಿ, ಗಟ್ಟಿಯಿದ್ದರೆ ಹಸಿರು ದೀಪ, ಒಡಕಿದ್ದರೆ ಕೆಂಪು ದೀಪ ಹೊತ್ತಿಸುವ ಯಂತ್ರ. ಮ್ಯಾನೇಜರ್ ಅದನ್ನು ಪರೀಕ್ಷೆಗೆಂದು ಅವತ್ತೇ ಬೆಳಗ್ಗೆ ತರಿಸಿದ್ದರು. ಟಣ್ಣಪ್ಪ ಅದನ್ನು ನೋಡಿದ, ತನ್ನ ಬೆರಳು ನೋಡಿದ, ಕುರ್ಚಿಯಲ್ಲಿ ಕೂತು ಕೈಕಟ್ಟಿದ. ಎದುರಿಗೆ ಕಪ್ಪುಗಳ ಹಲಗೆ ಬಂತು. ಇನ್ನೊಂದು ಬಂತು. ಐದು ಬಂದವು.

“ಯಾಕ್ರೀ ಮೀಟ್ತಿಲ್ಲ?” ಎಂದರು ಮ್ಯಾನೇಜರ್.

“ಮೀಟೋಕಾಗಲ್ಲ ಸಾರ್.”

“ಯಾಕೆ?”

“ಹೇಳೋಕಾಗಲ್ಲ ಸಾರ್.” ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಅವನು ಯಂತ್ರವನ್ನು ನೋಡಿದ.

ಮ್ಯಾನೇಜರ ಬೆನ್ನ ಹಿಂದೆ ಕಾರ್ಮಿಕ ಸಂಘದ ಕಾರ್ಯದರ್ಶಿ ನಿಂತಿದ್ದರು. ಇವರ ಬಗ್ಗೆ ಎರಡು ಮಾತು ಹೇಳಬೇಕು. ಒಂಬತ್ತು ವರ್ಷದಿಂದ ಕಾರ್ಯದರ್ಶಿ. ಒಂಬತ್ತು ವರ್ಷದಲ್ಲಿ ಆ ಕಾರ್ಖಾನೆಯಲ್ಲಿ ಒಂದು ಮುಷ್ಕರವೂ ಆಗಿರಲಿಲ್ಲ. ಬರೆದಿಟ್ಟ ಘೋಷಣೆಗಳ ನೋಟುಪುಸ್ತಕ ಹಳದಿಯಾಗಿತ್ತು. ಬೇರೆ ಕಾರ್ಖಾನೆಯ ಕಾರ್ಯದರ್ಶಿಗಳು ಸಿಕ್ಕಿದರೆ ಇವರು ರಸ್ತೆ ದಾಟಿ ಆಚೆ ಹೋಗುತ್ತಿದ್ದರು. ಆ ಮನುಷ್ಯ ಈಗ ಟಣ್ಣಪ್ಪನ ನೋಟ ಹೋದ ದಿಕ್ಕು ನೋಡಿದರು. ಯಂತ್ರ. ಬೆರಳು ನೋಡಿದರು. ಬಿಳಿ ಬಟ್ಟೆ.

“ಕೇಳಿದ್ರಾ ಸಾರ್?” ಎಂದರು ಮುಂದೆ ಬಂದು. “ಹೇಳೋಕೂ ಆಗದಷ್ಟು ನೋವು! ಇಪ್ಪತ್ತೆರಡು ವರ್ಷ ದುಡಿದ ಬೆರಳಿಗೆ ಇವತ್ತು ಬಿಳಿ ಬಟ್ಟೆ ಹೊದಿಸಿದ್ದಾರೆ!”

“ಅಯ್ಯೋ, ಹಾಗಲ್ಲ...” ಎಂದ ಟಣ್ಣಪ್ಪ.

“ಹೇಗಿದ್ರೂ ಸರಿ ಟಣ್ಣಪ್ಪನವರೇ, ನಾವಿದ್ದೀವಿ!”

ಮಧ್ಯಾಹ್ನ ಊಟದ ಹೊತ್ತಿಗೆ ಹತ್ತು ಜನರ ತೋರುಬೆರಳಿಗೆ ಬಿಳಿ ಬಟ್ಟೆ ಬಂತು. ಗುರುವಾರದ ಹೊತ್ತಿಗೆ ನೂರ ನಲವತ್ತು. ಭಟ್ಟಿಯವರು, ಮೆರುಗು ಹಾಕುವವರು, ಗೇಟಿನ ಕಾವಲುಗಾರ, ಎಲ್ಲರೂ ಒಂದೊಂದು ಬೆರಳು ಎತ್ತಿಕೊಂಡೇ ಓಡಾಡಿದರು. ಕೆಲಸ ಯಾರೂ ನಿಲ್ಲಿಸಲಿಲ್ಲ. ಉಳಿದ ಒಂಬತ್ತು ಬೆರಳಲ್ಲಿ ಮಾಡಿದರು. ಗೇಟಿನ ಹೊರಗೆ ಕಾರ್ಯದರ್ಶಿ ನೋಟುಪುಸ್ತಕ ತೆರೆದು, “ಮೀಟೋದಿಲ್ಲ! ಮೀಟೋದಿಲ್ಲ!” ಎಂದು ಕೂಗಿಸಿದರು. ಜನ್ಮದಲ್ಲಿ ಒಂದು ಕಪ್ಪನ್ನೂ ಮೀಟದ ನೂರ ಮೂವತ್ತೊಂಬತ್ತು ಜನ ತಾವಿನ್ನು ಮೀಟುವುದಿಲ್ಲವೆಂದು ಶಪಥ ಮಾಡಿದರು.

ಮನೆಯ ಬೀದಿಯಲ್ಲೂ ಸುದ್ದಿ ಹಬ್ಬಿತು. ಪಕ್ಕದ ಮನೆಯ ನಿವೃತ್ತ ಕಂಪೌಂಡರ್ ಗೇಟಿನ ಹತ್ತಿರ ಕಾದು ನಿಂತಿದ್ದರು.

“ಏನಪ್ಪಾ, ಇಷ್ಟು ವರ್ಷ ಪಕ್ಕದಲ್ಲಿದ್ದೀನಿ, ನಿನ್ನ ಒಳಗೆ ಇಂಥ ಗಂಡೆದೆ ಇದೆ ಅಂತ ಗೊತ್ತೇ ಇರಲಿಲ್ಲ! ಆದ್ರೆ ಬ್ಯಾಂಡೇಜ್ ಕಟ್ಟಿದ್ದು ಸರಿಯಿಲ್ಲ. ತಗೋ, ಹೀಗೆ ಎಂಟರ ಆಕಾರದಲ್ಲಿ ಸುತ್ತಬೇಕು. ಹೋರಾಟ ಅಂದ್ಮೇಲೆ ನೋಡೋಕೆ ಅಚ್ಚುಕಟ್ಟಾಗಿರಬೇಕು.”

ಬಸ್ಸಿನಲ್ಲಿ ಜನ ಎದ್ದು ಸೀಟು ಕೊಟ್ಟರು. ಕ್ಷೌರದಂಗಡಿಯವನು ಸಾಲು ತಪ್ಪಿಸಿ ಮೊದಲು ಕೂರಿಸಿದ. ಟಣ್ಣಪ್ಪನ ನಡಿಗೆ ಬದಲಾಯಿತು. ಬೆರಳನ್ನು ಎದೆಯ ಮಟ್ಟಕ್ಕೆ ಎತ್ತಿ, ನಿಧಾನವಾಗಿ ಹೆಜ್ಜೆ ಹಾಕತೊಡಗಿದ. ತಾನು ಪ್ರತಿಭಟನೆ ಮಾಡುತ್ತಿಲ್ಲ ಎಂಬುದು ಅವನಿಗೇ ಒಮ್ಮೊಮ್ಮೆ ಮರೆತುಹೋಗುತ್ತಿತ್ತು.

ತೊಂದರೆ ಶುರುವಾದದ್ದು ಶನಿವಾರ, ಮ್ಯಾನೇಜರ್ ಸೋತಾಗ.

“ಸರಿ ಕಣ್ರಪ್ಪ,” ಎಂದರು ಅವರು ಕಾರ್ಯದರ್ಶಿಯನ್ನೂ ಟಣ್ಣಪ್ಪನನ್ನೂ ಕರೆಸಿ. “ಯಜಮಾನರ ಹತ್ತಿರ ಮಾತಾಡಿದೆ. ಯಂತ್ರ ವಾಪಸ್ ಕಳಿಸ್ತೀವಿ. ಸೋಮವಾರದಿಂದ ನೀವು ಮೀಟಿ.”

ಕಾರ್ಯದರ್ಶಿ ಎರಡೂ ಕೈ ಮೇಲೆತ್ತಿದರು. ಟಣ್ಣಪ್ಪ ಬಿಳಿಚಿಕೊಂಡ. ಆ ಬೆಳಗ್ಗೆ ಅಣ್ಣನ ಮಗಳು ಸ್ಕೇಲ್ ಹಿಡಿದು ನೋಡಿದ್ದಳು: ಅರ್ಧ ಮಿಲಿಮೀಟರ್.

“ಬೇಡ ಸಾರ್!” ಎಂದು ಕೂಗಿದ. “ಯಂತ್ರ ಇರ್ಲಿ!”

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿದರು. ಕಾರ್ಯದರ್ಶಿ ಅರೆಕ್ಷಣ ತಬ್ಬಿಬ್ಬಾದರು. ಆಮೇಲೆ ಮುಖ ನಿಧಾನವಾಗಿ ಬೆಳಗಿತು.

“ಅರ್ಥ ಆಯ್ತಾ ಸಾರ್? ಯಂತ್ರ ಓಡಿಹೋದ್ರೆ ಅದು ಗೆಲುವಲ್ಲ. ಯಂತ್ರ ಇಲ್ಲೇ ಇರಬೇಕು. ಎಲ್ಲರ ಕಣ್ಣೆದುರಿಗೆ ಸೋಲಬೇಕು! ನನಗೇ ಹೊಳೀಲಿಲ್ಲ ನೋಡಿ ಇದು!”

ಹೀಗೆ ಯಂತ್ರ ಉಳಿಯಿತು. ಸೋಲಲು ಅದಕ್ಕೆ ಯಾರ ಸಹಾಯವೂ ಬೇಕಾಗಲಿಲ್ಲ. ಹೊರಗೆ ರಸ್ತೆಯಲ್ಲಿ ಲಾರಿ ಹೋದಾಗಲೆಲ್ಲ ನೆಲ ನಡುಗಿ, ಗಟ್ಟಿ ಕಪ್ಪಿಗೂ ಕೆಂಪು ದೀಪ ಹೊತ್ತಿತು. ಲಾರಿ ಇಲ್ಲದಾಗ ಒಡಕಿಗೂ ಹಸಿರು. ಕೆಲವೇ ವಾರದಲ್ಲಿ ಅಂಗಡಿಗಳಿಂದ ಪತ್ರ ಬರತೊಡಗಿದವು: ನಿಮ್ಮ ಕಪ್ಪಿಗೆ ಬಿಸಿ ಹಾಲು ಹಾಕಿದರೆ ಹಾಲು ಮೇಜಿನ ಮೇಲಿರುತ್ತದೆ. ಪತ್ರ ಹೆಚ್ಚಿದಷ್ಟೂ ಮ್ಯಾನೇಜರಿಗೆ ಟಣ್ಣಪ್ಪ ಬೇಕಾದ. ಅವರು ಬೇಡಿಕೆಗಳನ್ನು ಕೇಳಿ ಕೇಳಿ ಈಡೇರಿಸತೊಡಗಿದರು. ಮುಷ್ಕರ ನಡೆಸುವವನಿಗೆ ಇಂಥ ಕಷ್ಟ ಶತ್ರುವಿಗೂ ಬೇಡ.

ಬೆನ್ನು ಆನಿಸುವ ಕುರ್ಚಿ ಬೇಕು ಎಂದ. ಮಧ್ಯಾಹ್ನಕ್ಕೆ ಬಂತು. ಮೇಜಿಗೆ ದೀಪ ಎಂದ. ಎರಡು ಬಂದವು. ಟಣ್ಣಪ್ಪ ಬುದ್ಧಿ ಕಲಿತ. ಏನು ಬೇಕು ಎಂದು ಯೋಚಿಸುವುದನ್ನು ಬಿಟ್ಟು, ಯಾವುದಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂದು ಯೋಚಿಸತೊಡಗಿದ. ಕೋಣೆಗೆ ಉತ್ತರದ ಕಡೆ ಕಿಟಕಿ ಬೇಕು ಎಂದ. ಗೋಡೆ ಒಡೆದು, ಚೌಕಟ್ಟು ಕೂರಿಸಿ, ಗಾರೆ ಒಣಗಲು ಮೂರು ವಾರ. ಎರಡೂಕಾಲು ಮಿಲಿಮೀಟರ್. ಗಾರೆ ಪೂರ್ತಿ ಒಣಗಿಲ್ಲ ಎಂದು ಗೋಡೆಗೆ ಕೆನ್ನೆ ಒತ್ತಿ ಪರೀಕ್ಷಿಸಿ ಇನ್ನೊಂದು ವಾರ ಗಳಿಸಿದ. ಆಮೇಲೆ ಕಿಟಕಿಯ ಹೊರಗೆ ನೆರಳಿಗೆ ಒಂದು ಮರ ಬೇಕು ಎಂದ. ಸಸಿ ನೆಟ್ಟು, ಬೇರು ಹಿಡಿದು, ಚಿಗುರಿ, ನೆರಳು ಕೊಡುವಷ್ಟರಲ್ಲಿ ಉಗುರೇನು, ತಾನು ನಿವೃತ್ತನೇ ಆಗಬಹುದು ಎಂಬುದು ಅವನ ಲೆಕ್ಕ.

ಮೂರನೇ ದಿನ ಮ್ಯಾನೇಜರ್ ಎರಡಾಳೆತ್ತರದ ಮರವನ್ನೇ ಬೇರು ಮಣ್ಣು ಸಮೇತ ಲಾರಿಯಲ್ಲಿ ತರಿಸಿ ನೆಡಿಸಿದರು. ಅದರ ಮೇಲೆ ಒಂದು ಗೂಡಿತ್ತು. ಗೂಡಿನಲ್ಲಿ ಕಾಗೆಯೂ ಇತ್ತು.

“ಇನ್ನೇನ್ರೀ ಬೇಕು ನಿಮಗೆ?” ಎಂದರು. ಧ್ವನಿಯಲ್ಲಿ ಅಳು ಇತ್ತು.

“ಯೋಚನೆ ಮಾಡಿ ಹೇಳ್ತೀನಿ ಸಾರ್,” ಎಂದ ಟಣ್ಣಪ್ಪ. ಅವನ ಧ್ವನಿಯಲ್ಲೂ ಇತ್ತು.

ಒಂಬತ್ತನೇ ವಾರದ ಕೊನೆಗೆ ಮ್ಯಾನೇಜರ್ ಕೈಚೆಲ್ಲಿ ಕಾರ್ಮಿಕ ಇಲಾಖೆಗೆ ಬರೆದರು. ಭಾನುವಾರ ಬೆಳಗ್ಗೆ ಕಾರ್ಮಿಕ ಅಧಿಕಾರಿ, ಕೈಯಲ್ಲಿ ಕಡತ ಹಿಡಿದು, ಕಾರ್ಯದರ್ಶಿಯನ್ನು ಜೊತೆಗೆ ಕರೆದುಕೊಂಡು ಟಣ್ಣಪ್ಪನ ಮನೆಗೇ ಬಂದರು. ಅದು ಉಗುರು ಅಳೆಯುವ ಹೊತ್ತು. ಅಣ್ಣನ ಮಗಳು ಕಿಟಕಿಯ ಬಳಿ ಬೆರಳಿಗೆ ಸ್ಕೇಲ್ ಹಿಡಿದಿದ್ದಳು. ಬಾಗಿಲು ಬಡಿದ ಸದ್ದಿಗೆ ಟಣ್ಣಪ್ಪ ಬಟ್ಟೆಯನ್ನು ಅಡ್ಡಾದಿಡ್ಡಿಯಾಗಿ ಸುತ್ತಿಕೊಂಡ.

ಅಧಿಕಾರಿ ಕೂತರು. ಕಡತ ತೆರೆದರು. “ನೋಡಿ, ನಾನು ತುಂಬ ಮುಷ್ಕರ ನೋಡಿದ್ದೀನಿ. ಕೇಳಿದ್ದು ಕೊಟ್ರೆ ಮುಷ್ಕರ ನಿಲ್ಲತ್ತೆ. ನಿಮ್ಮದು ಕೊಟ್ಟಷ್ಟೂ ನಡೀತಿದೆ. ಇಲಾಖೆಯಲ್ಲಿ ಇದಕ್ಕೆ ನಮೂನೆಯೇ ಇಲ್ಲ. ಆ ಬಟ್ಟೆಯೊಳಗೆ ಏನಿದೆ?”

“ಅದನ್ನ ಬಿಚ್ಚೋದು ಗೆದ್ದ ದಿನ!” ಎಂದರು ಕಾರ್ಯದರ್ಶಿ.

ಅಧಿಕಾರಿ ಅದನ್ನು ಬರೆದುಕೊಂಡರು. “ಆ ದಿನ ಯಾವಾಗ ಬರತ್ತೆ ಅಂತ ಯಾರಾದ್ರೂ ಹೇಳ್ತೀರಾ?”

“ಇನ್ನು ಏಳು ವಾರ,” ಎಂದಳು ಹುಡುಗಿ, ಸ್ಕೇಲ್ ನೋಡುತ್ತ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ನಿಜವನ್ನೇ ಹೇಳಿದ್ದಳು. ಮುಂದಕ್ಕೂ ಹೇಳಿದಳು: “ಅದಕ್ಕಿಂತ ಒಂದು ದಿನ ಮುಂಚೆ ಆಗಲ್ಲ. ನೀವು ಎಷ್ಟು ಕಡತ ತಂದ್ರೂ ಅಷ್ಟೇ. ಬೆಳೆಯೋದು ಬೆಳೆಯೋ ಹಾಗೇ ಬೆಳೆಯತ್ತೆ.”

“ಈ ಹುಡುಗಿ ಯಾರು?” ಎಂದರು ಅಧಿಕಾರಿ ಕಾರ್ಯದರ್ಶಿಯ ಕಿವಿಯಲ್ಲಿ.

“ಸಲಹೆಗಾರ್ತಿ ಇರಬೇಕು ಸಾರ್,” ಎಂದರು ಕಾರ್ಯದರ್ಶಿ, ಮೈ ಜುಮ್ಮೆಂದು.

ಅಧಿಕಾರಿ ಕಡತದಲ್ಲಿ ಬರೆದರು: ಏಳು ವಾರಗಳ ಗಡುವು, ಹೋರಾಟ ಬೆಳೆಯುವುದಾಗಿ ಎಚ್ಚರಿಕೆ. ಯಜಮಾನರಿಗೆ ಫೋನ್ ಮಾಡಿದರು, ಬಹಳ ಹೊತ್ತು ಮಾತಾಡಿದರು, ಟಣ್ಣಪ್ಪನ ಕಡೆ ತಿರುಗಿದರು. “ಆಯ್ತು. ಏಳು ವಾರ ಒಪ್ಪಿದ್ದಾರೆ. ಆದ್ರೆ ಅವರದ್ದೂ ಒಂದು ಮಾತು. ಆ ದಿನ ಎಲ್ಲರೆದುರು ನೀವು ಮೀಟಬೇಕು. ಮೀಟಲಿಲ್ಲ ಅಂದ್ರೆ, ಮೀಟಿದ್ದು ತಪ್ಪಾದ್ರೆ, ಯಂತ್ರ ಕಾಯಂ. ನಿಮಗೆ ಪ್ಯಾಕಿಂಗ್ ವಿಭಾಗದಲ್ಲಿ ಹುಲ್ಲು ತುಂಬೋ ಕೆಲಸ. ಇಲ್ಲಿ ಸಹಿ ಹಾಕಿ.”

ಟಣ್ಣಪ್ಪ ಎಡಗೈಯಲ್ಲಿ ಸಹಿ ಹಾಕಿದ.

ಆ ಏಳು ವಾರ ಮನೆ ಆಸ್ಪತ್ರೆಯಂತಾಯಿತು. ಬೆಳಗ್ಗೆ ಎಣ್ಣೆ, ಸಂಜೆ ಎಣ್ಣೆ. ಸ್ನಾನ ಮಾಡುವಾಗ ಬೆರಳಿಗೆ ಪ್ಲಾಸ್ಟಿಕ್ ಚೀಲ. ಹೆಂಡತಿ ಊಟ ಕಲಸಿ ಕೊಟ್ಟಳು. ಅಂಗಿ ಗುಂಡಿ ಹಾಕಿ ಕೊಟ್ಟಳು.

“ಇದೆಲ್ಲ ಒಂದು ಉಗುರಿಗೆ,” ಎಂದಳು. “ನನ್ನ ಸೊಂಟ ಹಿಡ್ಕೊಂಡಾಗ ಒಂದು ಲೋಟ ನೀರು ಕೊಟ್ಟೋರಲ್ಲ.”

“ನಿನ್ನ ಸೊಂಟ ಹೋದ್ರೆ ಯಂತ್ರ ತರ್ತಾರಾ?” ಎಂದ ಟಣ್ಣಪ್ಪ. ಆ ರಾತ್ರಿ ಅವನ ಊಟವನ್ನು ಅವನೇ ಚಮಚದಲ್ಲಿ ತಿಂದ.

ಒಮ್ಮೆ ಹಳೆಯ ಉಗುರಿನ ಅಂಚು ಅಂಗಿಯ ದಾರಕ್ಕೆ ಸಿಕ್ಕಿ ಸೀಳಿತು. ಅವನು ಹಲ್ಲಿನಿಂದ ಕಚ್ಚಿ ಎಳೆಯುವುದರಲ್ಲಿದ್ದ. ಹುಡುಗಿ ಓಡಿಬಂದು ಕೆನ್ನೆಗೆ ಬಾರಿಸುವುದೊಂದು ಬಾಕಿ. ಸೀಳಿದ್ದನ್ನು ಕತ್ತರಿಸಿ, ಒಂದೇ ದಿಕ್ಕಿಗೆ ನಯವಾಗಿ ಅರ ಆಡಿಸಿದಳು. ತರಬೇತಿ ಶಾಲೆಯಲ್ಲಿ ಹಾಕುವುದನ್ನು ಮಾತ್ರ ಕಲಿಸಿದ್ದರು, ತೆಗೆದ ಮೇಲಿನದ್ದು ಅವಳು ಇದರಲ್ಲೇ ಕಲಿತಳು. ವಾರವಾರವೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಳು. ಬುಡದಿಂದ ಹೊರಟ ಹೊಸ ಉಗುರಿಗೂ ಹಳೆಯ ಸಿಪ್ಪೆಗೂ ನಡುವಿನ ಗೆರೆ ಮೇಲೇರುತ್ತಾ ಹೋಯಿತು: ಎಂಟು ಮಿಲಿಮೀಟರ್, ಒಂಬತ್ತೂವರೆ, ಹನ್ನೊಂದು. ಹದಿನಾರನೇ ವಾರ ಸಿಪ್ಪೆಯ ಕೊನೆಯ ಅಂಚನ್ನು ಕತ್ತರಿಸಿ ಹಾಕಿ, ಬೆರಳನ್ನು ಬೆಳಕಿಗೆ ಹಿಡಿದಳು. ಉಗುರು ಗಟ್ಟಿಯಾಗಿ, ಮಿರುಗುತ್ತ, ಬೆರಳ ತುದಿಗೆ ಬಂದಿತ್ತು.

“ಒಂದ್ಸಲ ಮೀಟಿ ನೋಡ್ಲಾ?” ಎಂದ ಟಣ್ಣಪ್ಪ.

“ಮುಟ್ಟಿದ್ರೆ ನೋಡಿ! ನಾಳೆ ಅಲ್ಲೇ ಮೀಟಿ.”

ಹಾಗಾಗಿ ಆ ಉಗುರು ‘ಟಣ್’ಗೂ ‘ಟಪ್’ಗೂ ವ್ಯತ್ಯಾಸ ಹೇಳುತ್ತದೋ ಇಲ್ಲವೋ ಎಂಬುದು ಮರುದಿನ ಅವನಿಗೂ ಗೊತ್ತಿರಲಿಲ್ಲ.

ಪರೀಕ್ಷೆ ಕೋಣೆ ಹಿಡಿಸಲಾರದಷ್ಟು ಜನ. ಹೊಸ ಕಿಟಕಿಯಾಚೆಯೂ ಜನ. ಯಜಮಾನರು, ಮ್ಯಾನೇಜರ್, ಕಡತ ಹಿಡಿದ ಅಧಿಕಾರಿ, ಹೊಸ ಸೀರೆಯುಟ್ಟ ಹೆಂಡತಿ, ಅಣ್ಣನ ಮಗಳು, ಯಾರೂ ಕರೆಯದಿದ್ದರೂ ಬಂದ ಕಂಪೌಂಡರ್. ಮೇಜಿನ ಮೇಲೆ ನಲವತ್ತೆಂಟು ಕಪ್ಪುಗಳ ಒಂದು ಹಲಗೆ. ಪಕ್ಕದಲ್ಲಿ ಯಂತ್ರ. ಕಾರ್ಯದರ್ಶಿ ಮೈಕ್ ಹಿಡಿದು ಮುಕ್ಕಾಲು ಗಂಟೆ ಮಾತಾಡಿದರು. ಟಣ್ಣಪ್ಪ ಎದೆ ಸೆಟೆದು ಕೇಳಿದ. ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಅವರಿಗೆ ಒಂದು ಸ್ಫೂರ್ತಿ ಬಂತು.

“ಬಂಧುಗಳೇ, ಈ ಮನುಷ್ಯ ಬಯಸಿದ್ದರೆ ಮೊದಲ ದಿನವೇ ಮೀಟಬಹುದಿತ್ತು! ಬೆರಳಿತ್ತು, ಉಗುರಿತ್ತು, ಕಪ್ಪಿತ್ತು. ಮೀಟಲಿಲ್ಲ! ಹೋರಾಟದ ಮುಂದೆ ಇವರಿಗೆ ಈ ಮೀಟೋ ಕೆಲಸ ಕಾಲಕಸ! ಯಾರು ಬೇಕಾದರೂ ಮಾಡುವ ಕೆಲಸ ಅಂತ ಒದ್ದು ಕೂತರು!”

ಚಪ್ಪಾಳೆ ಬಿತ್ತು. ಟಣ್ಣಪ್ಪ ಎದ್ದು ನಿಂತ. ಮುಖ ಕೆಂಪಾಗಿತ್ತು.

“ಯಾರ್ರೀ ಹೇಳಿದ್ದು ಕಾಲಕಸ ಅಂತ?”

“ಅಲ್ಲ, ಟಣ್ಣಪ್ಪನವರೇ, ನಾನು ಹೊಗಳ್ತಿದ್ದೀನಿ...”

“ಬೇಡ. ಕೊಡ್ರಿ ಇಲ್ಲಿ.” ಮೈಕ್ ಕಿತ್ತುಕೊಂಡ. “ಇಪ್ಪತ್ತೆರಡು ವರ್ಷದಲ್ಲಿ ಮೀಟೋಕಾಗಿದ್ದೂ ಮೀಟದೆ ಒಂದು ನಿಮಿಷ ಕೂತವನಲ್ಲ ನಾನು. ನೂರ ಮೂರು ಡಿಗ್ರಿ ಜ್ವರದಲ್ಲಿ ಮೀಟಿದ್ದೀನಿ. ನಮ್ಮಪ್ಪ ಹೋದ ಮೂರನೇ ದಿನ ಬಂದು ಮೀಟಿದ್ದೀನಿ. ಹೋರಾಟನೂ ಇಲ್ಲ, ಗೀರಾಟನೂ ಇಲ್ಲ. ಉಗುರಿರಲಿಲ್ಲ! ಇವಳ ಪರೀಕ್ಷೆಗೆ ಅಂತ ಬೆರಳಿಗೆ ಸುಳ್ಳು ಉಗುರು ಹಾಕಿಸ್ಕೊಂಡಿದ್ದೆ. ಇಕ್ಕಳದಲ್ಲಿ ಕೀಳೋಕೆ ಹೋಗಿ ನಂದೂ ಕಿತ್ತುಕೊಂಡೆ. ಗುಲಾಬಿ ಬಣ್ಣ. ಮೇಲೆ ಬಿಳಿ ಹೂವು.”

“ತಿಳಿಗುಲಾಬಿ,” ಎಂದಳು ಅಣ್ಣನ ಮಗಳು ಹಿಂದಿನಿಂದ.

“ತಿಳಿಗುಲಾಬಿ,” ಎಂದು ಟಣ್ಣಪ್ಪ ಮೈಕಿನಲ್ಲಿ ತಿದ್ದಿಕೊಂಡ. “ಹದಿನಾರು ವಾರ ಕೂತು ಬೆಳೆಸಿದ್ದೀನಿ. ಈಗಿದೆ.” ಬಟ್ಟೆ ಬಿಚ್ಚಿ ಮೇಜಿನ ಮೇಲಿಟ್ಟ.

ಎಲ್ಲರ ದನಿಯೂ ಒಟ್ಟಿಗೆ ಕೇಳಿಸಿತು. “ಕಿಟಕಿ!” ಎಂದರು ಮ್ಯಾನೇಜರ್, “ಮರ! ಕಾಗೆ ಸಮೇತ ಮರ!” ಅಧಿಕಾರಿ ಕಡತವನ್ನು ಹಿಂದಿನಿಂದ ಮುಂದಕ್ಕೆ ತಿರುವತೊಡಗಿದರು. ಭಟ್ಟಿಯವನೊಬ್ಬ ತನ್ನ ಬೆರಳಿನ ಬಟ್ಟೆ ಬಿಚ್ಚಿ ನೆಲಕ್ಕೆಸೆದ. “ನಾನು ಮೊದಲೇ ಅಂದ್ಕೊಂಡಿದ್ದೆ, ಅದು ಉಗುರಿನ ಕಟ್ಟು,” ಎಂದರು ಕಂಪೌಂಡರ್. ಕಾರ್ಯದರ್ಶಿ ನೋಟುಪುಸ್ತಕ ತೆರೆದರು, ಮುಚ್ಚಿದರು, ತೆರೆದರು. ಒಂಬತ್ತು ವರ್ಷ ಕಾದು ಸಿಕ್ಕ ಮುಷ್ಕರ. ಯಜಮಾನರು ಮೇಜು ಗುದ್ದಿ ಎದ್ದರು.

ಟಣ್ಣಪ್ಪ ಕುರ್ಚಿ ಎಳೆದು ಕೂತ. ಹಲಗೆಯಿಂದ ಮೊದಲ ಕಪ್ಪನ್ನು ಎತ್ತಿ ಕಿವಿಯ ಹತ್ತಿರ ಹಿಡಿದ.

ಗಲಾಟೆ ನಿಂತಿತು. ಯಾರೂ ನಿಲ್ಲಿಸಲಿಲ್ಲ, ಅದಾಗಿಯೇ ನಿಂತಿತು. ಟಣ್ಣಪ್ಪನ ಕಿವಿಗೆ ಕಪ್ಪು ಹೋದಾಗ ಆ ಕಾರ್ಖಾನೆಯಲ್ಲಿ ಯಾರೂ ಉಸಿರೆತ್ತುವುದಿಲ್ಲ. ಯಜಮಾನರಾದರೂ ಬಾಗಿಲಲ್ಲೇ ನಿಲ್ಲುತ್ತಾರೆ. ಇಪ್ಪತ್ತೆರಡು ವರ್ಷದ ಅಭ್ಯಾಸ ಸಿಟ್ಟಿಗಿಂತ ಬೇಗ ಕೆಲಸ ಮಾಡಿತು. ಯಜಮಾನರ ಗುದ್ದಿದ ಮುಷ್ಟಿ ಮೇಜಿನ ಮೇಲೆ ಹಾಗೇ ಉಳಿಯಿತು.

ತೋರುಬೆರಳು ಹೆಬ್ಬೆರಳಿನಡಿ ಮಡಚಿತು. ಬಿಟ್ಟಿತು.

ಟಣ್.

ಸದ್ದು ಕಿಟಕಿಯವರೆಗೆ ಹೋಗಿ ಬಂತು. ಟಣ್ಣಪ್ಪ ಕಣ್ಣು ಮುಚ್ಚಿದ. ಕಪ್ಪು ಬಲಕ್ಕೆ ಹೋಯಿತು. ಎರಡನೆಯದು. ಟಣ್. ಬಲಕ್ಕೆ. ಮೂರನೆಯದನ್ನು ಮೀಟಿದ, ತಡೆದ, ಇನ್ನೊಂದು ಸಲ ಮೀಟಿದ. ಎಡಕ್ಕಿಟ್ಟ.

ಮ್ಯಾನೇಜರ್ ತುದಿಗಾಲಲ್ಲಿ ಬಂದು ಆ ಮೂರನೆಯದನ್ನು ತೆಗೆದುಕೊಂಡರು. ಯಂತ್ರದೊಳಗಿಟ್ಟರು. ಹಸಿರು ದೀಪ. ಅವರ ಮುಖ ಅರಳಿತು. ಯಜಮಾನರು ಜೇಬಿನಿಂದ ಪೆನ್ನು ತೆಗೆದು, ಕಪ್ಪಿನೊಳಗೆ ಶಾಯಿ ಹನಿಸಿ, ಬೆರಳಿಂದ ಸವರಿ, ಕರವಸ್ತ್ರದಿಂದ ಒರೆಸಿದರು. ಅಂಚಿನಿಂದ ತಳದವರೆಗೆ ಕೂದಲಿನಷ್ಟು ಸಣ್ಣ ನೀಲಿ ಗೆರೆ ಉಳಿಯಿತು. ಯಜಮಾನರು ಕಪ್ಪನ್ನು ಮ್ಯಾನೇಜರ ಕೈಗೆ ಕೊಟ್ಟು, ಕೈಚಾಚಿ ಯಂತ್ರದ ಸ್ವಿಚ್ ಆರಿಸಿದರು.

ಟಣ್ಣಪ್ಪ ಇದೊಂದನ್ನೂ ನೋಡಲಿಲ್ಲ. ನಲವತ್ತೆಂಟನ್ನೂ ಮೀಟಿದ, ಆತುರವಿಲ್ಲದೆ. ನಲವತ್ತೊಂದು ಬಲಕ್ಕೆ, ಏಳು ಎಡಕ್ಕೆ. ಅಷ್ಟು ಹೊತ್ತೂ ನೂರೈವತ್ತು ಜನ ಅವನನ್ನು ಬೈಯಬೇಕೆಂದು ಬಾಯಿ ಬಿಗಿಹಿಡಿದು ನಿಂತಿದ್ದರು. ಮುಗಿಯುವ ಹೊತ್ತಿಗೆ ಏನು ಬೈಯಬೇಕೆಂದಿದ್ದೆವು ಎಂಬುದು ಬಹಳ ಜನಕ್ಕೆ ಮರೆತಿತ್ತು. ಹೆಂಡತಿ ಪಕ್ಕದವಳ ತೋಳು ಹಿಂಡಿ, “ನಮ್ಮವ್ರು,” ಎಂದಳು ಉಸಿರಲ್ಲೇ. ಪಕ್ಕದವಳಿಗೆ ಅದು ಗೊತ್ತಿತ್ತು.

ಕೊನೆಯ ಕಪ್ಪನ್ನಿಟ್ಟು ಟಣ್ಣಪ್ಪ ತಲೆಯೆತ್ತಿದ. ಅಣ್ಣನ ಮಗಳು ಜನರನ್ನು ಸರಿಸಿಕೊಂಡು ಬಂದು, ಅವನ ಬೆರಳು ಹಿಡಿದು, ಉಗುರನ್ನು ತಿರುಗಿಸಿ ಮುರುಗಿಸಿ ನೋಡಿದಳು. ಒಂದು ಗೀರೂ ಇರಲಿಲ್ಲ.

“ನಾನು ಮಾಡಿದ್ದು,” ಎಂದಳು ಅಧಿಕಾರಿಗೆ. “ಬರ್ಕೊಳ್ಳಿ.”

ಅಧಿಕಾರಿ ಬರೆದುಕೊಂಡರು.

“ಸರಿ, ಈಗಲಾದ್ರೂ ಮಾತಾಡಬಹುದೇನ್ರೀ?” ಎಂದರು ಯಜಮಾನರು ಮೆಲ್ಲಗೆ.

“ಈಗ ಬೇಡ ಸಾರ್, ಹದಿನಾರು ವಾರದ್ದು ಬಾಕಿಯಿದೆ,” ಎಂದ ಟಣ್ಣಪ್ಪ. ಎಡಕ್ಕಿಟ್ಟ ಏಳನ್ನು ತೊಟ್ಟಿಗೆ ಸುರಿದು, ಖಾಲಿ ಹಲಗೆಯನ್ನು ಮೇಜಿನ ಆಚೆಗೆ ತಳ್ಳಿದ. “ಮುಂದಿನದು ತನ್ನಿ.”

ತಂದವರು ಮ್ಯಾನೇಜರ್.